ಕಾಕಾನ ಜಪಾನ್ ಕ್ಯಾಸೆಟ್ಟು

ಕಾಕಾನ ಬಲ ಭುಜ ಎಡ ಭುಜಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಮದುವೆ ಮನೆಗಳಲ್ಲಿ ಹೆಣಭಾರದ ವಿಡಿಯೋ ಕ್ಯಾಮೆರಾ ಹೊತ್ತು ಹೊತ್ತು ಅದು ಹಾಗೆ ಇಳಿದುಬಿಟ್ಟಿತ್ತು. ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಕ್ಯಾಮೆರಾ ಇಲ್ಲದಾಗಲೂ, ಕಾಯಿಪಲ್ಯ ಕೊಳ್ಳುವಾಗಲೂ ಒಂದೇ ಕಣ್ಣಿನಿಂದ ನೋಡುತ್ತಿದ್ದ. "ಕಂಡಕಂಡವರಿಗೆ ಕಣ್ಣ ಹೊಡದಂಗ ಕಾಣತದ, ಒಂದಿನ ಯಾರರ ಬಡದಾರು ನಿಮ್ಮ ಕಾಕಾಗ" ಎಂದು ಅವ್ವ ನಗುತ್ತಿದ್ದಳು.

ಬೈಲಹೊಂಗಲದ ಬಜಾರಿನಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅವನ ವಿಡಿಯೋ ಅಂಗಡಿ. ಅಪ್ಪನ ಜೀವದ ಗೆಳೆಯ. ನಾನು ಕಾಲೇಜಿಗೆ ಹೋಗುವಷ್ಟರಲ್ಲಿ, ತಮ್ಮ ಇನ್ನೂ ಚಿಕ್ಕವನಿರುವಾಗಲೇ, ಅಪ್ಪ ತೀರಿಕೊಂಡ. ಆಮೇಲೂ ಈದಿಗೆ ಆ ಕಡೆಯಿಂದ ಸುರಕುಂಬಾ ಪಾಯಸದ ಡಬ್ಬಿ ಬರುವುದು ತಪ್ಪಲಿಲ್ಲ, ಪಂಚಮಿಗೆ ನಮ್ಮ ಉಂಡಿ ಅತ್ತ ಹೋಗುವುದೂ ತಪ್ಪಲಿಲ್ಲ. ಅವ್ವನನ್ನು ಅವನು ಅತ್ತಿಗೆ ಎನ್ನುವಂತೆ ವೈನಿ ಎಂದು ಕರೆಯುತ್ತಿದ್ದ, ಹುಡುಗಿಯಾದ ನನ್ನನ್ನು ಬೇಟಾ ಎಂದು.

ಇದು ತೊಂಬತ್ತರ ದಶಕದ ಮಾತು. ಹೊಸ ಕ್ಯಾಸೆಟ್ಟು ತುಟ್ಟಿ ಎಂದು ಕಾಕಾ ಬೆಳಗಾವಿಯಿಂದ ಹಳೆಯ ಕ್ಯಾಸೆಟ್ಟುಗಳ ಗಂಟು ತಂದು ಅವುಗಳ ಮೇಲೆಯೇ ಮದುವೆ ತುಂಬಿಕೊಡುತ್ತಿದ್ದ. ಒಂದು ಮಧ್ಯಾಹ್ನ ಗೋಡೆ ಬಡಿದು "ಬೇಟಾ, ಲಗೂ ಬಾ, ಇದರಾಗ ಏನೋ ಇಂಗ್ಲೀಷ್ ಐತಿ" ಎಂದು ಕೂಗಿದ. ಹೋಗಿ ನೋಡಿದರೆ ಟಿವಿಯಲ್ಲಿ ಒಬ್ಬಾಕೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಇವು ಜಪಾನಿನ ಒಬ್ಬ ಪಾಪ್ ಕಲಾವಿದನ ಪ್ರಾಯೋಗಿಕ ಆ್ಯನಿಮೇಶನ್ ಚಿತ್ರಗಳು, ಜಾಹೀರಾತು ಮತ್ತು ಪೋಸ್ಟರಿನ ಬಣ್ಣಗಳನ್ನೇ ಎತ್ತಿಕೊಂಡು ಒಂದೊಂದೇ ಹಾಳೆ ಕೈಯಿಂದ ಬಿಡಿಸಿದ್ದು ಎಂದು. ನಾನು ಕನ್ನಡದಲ್ಲಿ ಹೇಳಿದೆ. "ಅಂದ್ರ ನಮ್ಮ ಬೋರ್ಡ್ ಬರಿಯೂ ಪೇಂಟರ್ ಇದ್ದಂಗ ಅನ್ನು" ಎಂದ ಕಾಕಾ.

ಆಮೇಲೆ ಚಿತ್ರ ಶುರುವಾಯಿತು. ಕೆಂಪು ತುಟಿಗಳು ತೆರೆದವು, ಒಳಗಿನಿಂದ ವಿಮಾನ ಹೊರಟಿತು, ವಿಮಾನ ಹಕ್ಕಿಯಾಯಿತು, ಹಕ್ಕಿ ಹೆಂಗಸಾಯಿತು, ಹೆಂಗಸಿನ ಕಣ್ಣಿನಿಂದ ನಕ್ಷತ್ರಗಳು ಉದುರಿದವು. ಗುಲಾಬಿ, ಹಳದಿ, ನೀಲಿ, ಕಣ್ಣಿಗೆ ಗುಲಾಲು ಎರಚಿದ ಹಾಗೆ. ತಲೆಯಿಲ್ಲ, ಬಾಲವಿಲ್ಲ. ನಡುನಡುವೆ ಒಂದು ಹಸಿರು ಛತ್ರಿ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು.

"ಇದರ ಕಥಿ ಏನ ಕಾಕಾ?" ಎಂದೆ, ತಲೆ ಕೆಟ್ಟು.

"ಕಥಿ ಕೇಳಬ್ಯಾಡ, ಕಣ್ಣ ತಗದ ನೋಡು. ಆ ಛತ್ರಿ ಯಾರೋ ಬೇಕಾದವರದು. ಬಿಡಿಸಿದಾಂವಗ ಮರೀಲಿಕ್ಕೆ ಆಗವಲ್ದು. ಅದಕ್ಕ ಬಿಡಿಸಿ ಬಿಡಿಸಿ ಅವರನ್ನ ಕರ್ಯಾಕ ಹತ್ಯಾನ."

ಮುಗಿದ ಮೇಲೆ ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಟಕ್ಕೆಂದು ಮುರಿದ. ಅದು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನೂ ತುಂಬಲು ಬರುವುದಿಲ್ಲ. ಒಂದು ಮದುವೆಯ ಕ್ಯಾಸೆಟ್ಟು ದಂಡವಾಯಿತಲ್ಲ ಎಂದರೆ "ಮದವಿ ಸಾವಿರ ಆಗತಾವ ಬಿಡು" ಎಂದ.

ಅಲ್ಲಿಂದ ಹಿಡಿಯಿತು ಹುಚ್ಚು. ಅಂಗಡಿಯ ಗಾಜಿನ ಕೌಂಟರಿನ ಕೆಳಗೆ ಬಲ್ಬು ಹಚ್ಚಿ, ಮೇಲೆ ತೆಳು ಹಾಳೆ ಇಟ್ಟು, ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂದಲೆಳೆಯಷ್ಟು ಸರಿಸಿ ಬಿಡಿಸುತ್ತ ಕೂಡುತ್ತಿದ್ದ. ಕರೆಂಟು ಹೋದರೆ ಬರುವವರೆಗೂ ಕುಂಚ ಹಿಡಿದುಕೊಂಡೇ ಕಾಯುತ್ತಿದ್ದ. ಮೊದಲು ಒಂದು ಟಗರು ಬಿಡಿಸಿದ. ಹಾಳೆಗಳನ್ನು ಒಂದೊಂದಾಗಿ ಕ್ಯಾಮೆರಾದಲ್ಲಿ ತೆಗೆದು ಟಿವಿಯಲ್ಲಿ ನೋಡಿದರೆ ಅದು ಜ್ವರ ಬಂದವರಂತೆ ತೂರಾಡುತ್ತಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಕಾಕಾ ಹಾಳೆಗಳನ್ನೆಲ್ಲ ಹರಿದು ಮತ್ತೆ ಮೊದಲಿನಿಂದ ಕುಳಿತ. "ನಗು, ನಗು. ಟಗರ ನೆಟ್ಟಗ ನಡಿಯೂತನಾ ನಾ ಏಳೂದಿಲ್ಲ." ಟಗರು ನೆಟ್ಟಗೆ ನಡೆಯಲು ಒಂದು ಬೇಸಿಗೆ ಹಿಡಿಯಿತು. ನಡೆಯಿತು ಮಾತ್ರ ಏನು ಡೌಲಿನಿಂದ!

ನನ್ನ ಮದುವೆ ಸವದತ್ತಿಯ ಮನೆತನದ ಜೊತೆ ಗೊತ್ತಾಯಿತು. ಮದುವೆ ನಮ್ಮ ಮನೆಯ ಮುಂದೆಯೇ. ಅಕ್ಕಿಕಾಳು ಬೀಳುವ ಹೊತ್ತಿಗೆ ಗಂಡ ಸತ್ತಾಕೆ ಎದುರಿಗೆ ಇರಬಾರದು ಎಂದು ಹಿರಿಯರು ಅವ್ವನಿಗೆ ಹೇಳಿದ್ದರು. ಹೇಳದಿದ್ದರೂ ಅವಳು ಬರುತ್ತಿರಲಿಲ್ಲ, ಅದೇ ನನಗೆ ಸಿಟ್ಟು. ಹಿತ್ತಲಲ್ಲಿ ಅಡುಗೆಯವರ ಜೊತೆ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ಕಾಕಾ ಕ್ಯಾಮೆರಾ ಹೊತ್ತುಕೊಂಡೇ ಅಲ್ಲಿಗೆ ಹೋದನಂತೆ.

"ವೈನಿ, ಏಳ್ರಿ. ಬರ್ರಿ, ನಿಮ್ಮ ಮಗಳ ಮ್ಯಾಲ ನಾಕ ಕಾಳ ಹಾಕ್ರಿ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು "ಬ್ಯಾಡ್ರಿ, ನನ್ನ ವಿಡಿಯೋ ತಗೀಬ್ಯಾಡ್ರಿ. ಶುಭದಾಗ ನಾ ಯಾಕ?" ಎಂದಳಂತೆ. ಹೀಗಾಗಿ ಅವತ್ತು ಕ್ಯಾಮೆರಾ ತೆಗೆದ ಮೂರು ತಾಸಿನಲ್ಲಿ ಬ್ಯಾಂಡಿನವರಿದ್ದರು, ಬೀಗರ ಡ್ರೈವರ್ ಇದ್ದ, ಯಾರದೋ ನಾಯಿಯೂ ಇತ್ತು. ನನ್ನ ಹೆತ್ತಾಕೆ ಇರಲಿಲ್ಲ.

ತಿಂಗಳುಗಳಾದ ಮೇಲೆ ಕ್ಯಾಸೆಟ್ಟು ಸವದತ್ತಿಗೆ ಬಂತು. ಓಣಿಯ ಮಂದಿಯೆಲ್ಲ ಚೂಡಾ ಮೆಲ್ಲುತ್ತ ಟಿವಿ ಮುಂದೆ ಕುಳಿತರು. ಆಗ ಎಲ್ಲ ಮದುವೆ ಕ್ಯಾಸೆಟ್ಟುಗಳೂ ಗುಲಾಬಿ, ಪಾರಿವಾಳಗಳಿಂದಲೇ ಶುರುವಾಗುತ್ತಿದ್ದವು. ನಮ್ಮದರಲ್ಲಿ ಬಂದದ್ದು ಎರಡು ಕೈಗಳು. ಬಳೆಯಿಲ್ಲದ ಕೈಗಳು, ರೊಟ್ಟಿ ಬಡಿಯುತ್ತಿವೆ. ಎಲ್ಲ ಕಾಕಾ ಬಿಡಿಸಿದ್ದು. ರೊಟ್ಟಿ ಚಂದ್ರನಾಯಿತು, ಚಂದ್ರ ಚಕ್ಕಡಿಯ ಗಾಲಿಯಾಯಿತು, ಗಾಲಿ ಉರುಳಿ ಉರುಳಿ ನನ್ನ ಮುಖವಾಯಿತು. (ನನ್ನ ಮುಖ ಗುಂಡಗಿದೆ, ಅದು ಅವನ ತಪ್ಪಲ್ಲ.) ಮತ್ತೆ ರೊಟ್ಟಿ ಬಂತು, ಚೂರು ಚೂರಾಗಿ ಅರಿಶಿನದ ಅಕ್ಕಿಕಾಳಾಯಿತು. ಆಗ ಅವ್ವ ಬಂದಳು. ಬರಿಯ ಹಣೆ, ಎಡ ಪಾದ ತುಸು ಒಳಕ್ಕೆ ತಿರುಗಿಸಿ ಇಡುವ ಅವಳದೇ ನಡಿಗೆ. ಎಲ್ಲರಿಗಿಂತ ಮುಂದೆ ಬಂದು ನನ್ನ ತಲೆಯ ಮೇಲೆ ಕಾಳು ಹಾಕಿದಳು. ಅಷ್ಟೇ, ಒಂದು ನಿಮಿಷ.

ಮಾವನವರು ಎದ್ದು ಟಿವಿ ಬಂದ್ ಮಾಡಿದರು. ಕೆಟ್ಟವರಲ್ಲ ಅವರು, ಆದರೆ ಹಳೆಯ ನಂಬಿಕೆಯವರು. "ಶುಭದ ಕ್ಯಾಸೆಟ್ಟಿಗೆ ಮೊದಲ ಗಣಪತಿ ಬರಬೇಕು. ಇದೇನಿದು? ಇದನ್ನ ಅಳಸಬೇಕು" ಎಂದರು. ಮರುವಾರ ಕ್ಯಾಸೆಟ್ಟು ಹಿಡಿದು, ನನ್ನನ್ನೂ ಕರೆದುಕೊಂಡು ಬೈಲಹೊಂಗಲಕ್ಕೆ ಬಂದರು.

ಕಾಕಾ ಕುರ್ಚಿ ಕೊಟ್ಟ, ಚಹಾ ತರಿಸಿದ, ಎಲ್ಲ ಕೇಳಿಸಿಕೊಂಡ. "ಅಳಸೂದಿಲ್ರಿ" ಎಂದ.

"ಹಂಗಾರ ನಮ್ಮ ಬಳಗದಾಗ ಯಾರ ಮನಿಗೂ ನಿಮ್ಮ ಕ್ಯಾಮೆರಾ ಬರೂದಿಲ್ಲ."

"ಬರೂದಿಲ್ರಿ."

ಅಷ್ಟರಲ್ಲಿ ಸುದ್ದಿ ತಿಳಿದು ಅವ್ವನೇ ಓಡಿ ಬಂದಳು. ಆ ಚಿತ್ರವನ್ನು ಅವಳಿನ್ನೂ ನೋಡಿರಲಿಲ್ಲ. "ಅಳಿಸಿ ಬಿಡ್ರಿ, ನಿಮಗ ಕೈ ಮುಗೀತೇನಿ. ನನ್ನ ಮಗಳು ಬಾಳುವೆ ಮಾಡಬೇಕ್ರಿ" ಎಂದು ಅತ್ತಳು.

ಅವತ್ತು ಕಾಕಾ ಎರಡೂ ಕಣ್ಣು ಪೂರ್ತಿ ತೆರೆದು ಅವಳನ್ನು ನೋಡಿದ. "ವೈನಿ, ಅವತ್ತ ನಾ ಕರದೆ, ನೀವು ಬರಲಿಲ್ಲ. ಈಗ ಚಿತ್ರದಾಗ ಬಂದೀರಿ. ಬಂದವರನ್ನ ಹೊರಗ ಹಾಕೂದು ನನ್ನ ಕೈಲೆ ಆಗೂದಿಲ್ಲ." ನನ್ನ ಕಡೆ ತಿರುಗಿದ. "ಬೇಟಾ, ಇದರದೂ ಚೂರು ಮುರದೇನಿ. ಆ ತೂತಿಗೆ ಒಂದು ಟೇಪಿನ ಪಟ್ಟಿ ಹಚ್ಚಿದರ ಯಾರ ಬೇಕಾದ್ರೂ ಅಳಸಬಹುದು. ಹಚ್ಚೂದಾದ್ರ ನೀನ ಹಚ್ಚು."

ಅಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ನಾ ಹಚ್ಚೂದಿಲ್ರಿ ಮಾವಾರ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮಾವನವರು ಚಹಾದ ಕಪ್ಪು ಕೆಳಗಿಟ್ಟರು. "ಪೆಟ್ಟಿಗ್ಯಾಗ ಇಟಗೋ. ನಮ್ಮ ಟಿವಿಗೆ ಹಚ್ಚಬ್ಯಾಡ" ಎಂದು ಎದ್ದರು.

ಆಮೇಲೆ ಸವದತ್ತಿ ಕಡೆಯ ಮದುವೆಗಳೆಲ್ಲ ಕಾಕಾನ ಕೈ ತಪ್ಪಿದವು. ಒಂದು ದಿನವಾದರೂ ನನ್ನ ಮುಂದೆ ಅದನ್ನು ಎತ್ತಿ ಆಡಲಿಲ್ಲ. ರಾಮದುರ್ಗದ ಒಬ್ಬ ನೇಕಾರ, ದೊಡವಾಡದ ಒಂದು ಮನೆಯವರು "ಇರವಲ್ದ್ಯಾಕ" ಎಂದು ಅವನು ಬಿಡಿಸಿ ಸೇರಿಸಿದ ಒಂದು ನಿಮಿಷವನ್ನು ಇಟ್ಟುಕೊಂಡರು. ಉಳಿದವರು ಬೇಡವೆಂದರು. ಬೇಡವೆಂದರೂ ಬಿಡಿಸಿದ. ಕಂಪ್ಯೂಟರ್ ಬಂದು ಗುಲಾಬಿ ಹೂಗಳು ತಾವೇ ಅರಳತೊಡಗಿದ ಮೇಲೂ ಆ ಗಾಜಿನ ಕೆಳಗಿನ ಬಲ್ಬು ಉರಿಯುತ್ತಲೇ ಇತ್ತು. ಹೋದಾಗಲೆಲ್ಲ ಜಪಾನಿನ ಕ್ಯಾಸೆಟ್ಟು ಹಚ್ಚಿ, "ನೋಡು, ಅಂವನೂ ಬಿಟ್ಟಿಲ್ಲ ಛತ್ರಿ" ಎನ್ನುತ್ತಿದ್ದ.

ಎರಡು ಸಾವಿರದ ಇಸವಿಯ ಈಚೆ ಒಂದು ಮುಂಜಾನೆ ಎದೆನೋವು ಬಂದು ಕಾಕಾ ತೀರಿಕೊಂಡ. ಅವ್ವ ಅವರ ಮನೆಗೆ ಹೋಗಿ ಬಂದಳು. ನಾನು ಸವದತ್ತಿಗೆ ಹೊರಡುವಾಗ "ಬರೂ ಮುಂದ ಆ ಕ್ಯಾಸೆಟ್ ತಗೊಂಬಾ" ಎಂದಳು. ಮುಂದಿನ ಸಲ ತಂದೆ. ಕಾಕಾನ ಮಗ ಅಂಗಡಿಯ ಹಳೆಯ ವಿಸಿಆರ್ ಹೊತ್ತು ತಂದು ಜೋಡಿಸಿಕೊಟ್ಟ. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. "ಮತ್ತೊಮ್ಮೆ ಹಚ್ಚು" ಎಂದಳು. ಎರಡನೆಯ ಸಲ ನೋಡಿ, ತನ್ನ ಕೈಗಳನ್ನು ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮರುವರ್ಷ ಕಿತ್ತೂರಿನಲ್ಲಿ ನನ್ನ ತಮ್ಮನ ಮದುವೆ. ವಿಡಿಯೋದವನು ಹೊಸಬ, ಅಂಗೈಯಷ್ಟು ಕ್ಯಾಮೆರಾ, ಎರಡೂ ಕಣ್ಣು ತೆರೆದುಕೊಂಡೇ ತೆಗೆಯುತ್ತಿದ್ದ. ಅಕ್ಕಿಕಾಳಿನ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ ಎದ್ದು ಬಂದರು. ಎಡ ಪಾದ ತುಸು ಒಳಕ್ಕೆ. ಯಾರೂ ಕರೆದಿರಲಿಲ್ಲ. ಮುಂದೆ ನಿಂತಿದ್ದ ನಮ್ಮ ಮಾವನವರು ತಿರುಗಿ ನೋಡಿ, ಒಂದು ಹೆಜ್ಜೆ ಸರಿದು ದಾರಿ ಬಿಟ್ಟರು. ಅವ್ವ ಮದುಮಕ್ಕಳ ಮೇಲೆ ಹಿಡಿ ತುಂಬ ಕಾಳು ಹಾಕಿದಳು.

ಅಂದು ಸಂಜೆ ಬೈಲಹೊಂಗಲಕ್ಕೆ ಮರಳಿದೆವು. ಅವ್ವ ಮನೆಯ ಕೀಲಿ ತೆಗೆಯಲಿಲ್ಲ. ನೆಟ್ಟಗೆ ಪಕ್ಕದ ಅಂಗಡಿಯ ಮುಂದೆ ಹೋಗಿ ನಿಂತಳು. ಸೆರಗಿನ ಗಂಟು ಬಿಚ್ಚಿ, ಉಳಿಸಿ ತಂದಿದ್ದ ನಾಲ್ಕು ಕಾಳನ್ನು ಹೊಸ್ತಿಲ ಮೇಲೆ ಹಾಕಿದಳು.

"ಅವತ್ತ ಕರದಿದ್ರಲ್ಲ," ಎಂದಳು, "ಬಂದೆ ನೋಡ್ರಿ."