ಕೊನೆಯ ಬಸ್ಸು ಹೋದ ಮೇಲಿನ ದಾವಣಗೆರೆ

ಲೋಕಿಕೆರೆಯಿಂದ ದಾವಣಗೆರೆ ಎಷ್ಟು ದೂರ ಎಂದು ಕೇಳಿದರೆ ನಾವು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಬಸ್ಸಿನಲ್ಲಿ ಹೇಳುತ್ತೇವೆ. ಬೆಳಿಗ್ಗೆ ಮೊದಲ ಬಸ್ಸು ಹೊರಟಾಗಿನಿಂದ ರಾತ್ರಿ ಏಳೂವರೆಯ ಕೊನೆಯ ಬಸ್ಸಿನವರೆಗೆ ದಾವಣಗೆರೆ ನಮ್ಮದು. ಯಾವ ಅಂಗಡಿಯ ಬ್ಲೌಸ್ ಪೀಸು ಬಣ್ಣ ಬಿಡುತ್ತದೆ, ಚೌಕಿಪೇಟೆಯಲ್ಲಿ ಯಾರು ಸೀಳು ಬಿಟ್ಟ ಬಳೆಯನ್ನು ಡಜನ್ನಿನ ನಡುವೆ ತೂರಿಸುತ್ತಾರೆ, ಎಲ್ಲವೂ ಗೊತ್ತು. ಏಳೂವರೆಯ ನಂತರದ ದಾವಣಗೆರೆಯನ್ನು ಮಾತ್ರ ನಾನು ಐವತ್ತೊಂದು ವರ್ಷವಾದರೂ ನೋಡಿರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕಳೆದ ರಾತ್ರಿಗಳನ್ನು ಊರು ನೋಡಿದ ರಾತ್ರಿ ಎಂದು ಯಾರೂ ಕರೆಯುವುದಿಲ್ಲ.

ಇದಕ್ಕೆ ಬಸ್ಸಿನವರನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ನನ್ನ ತಂಗಿಯನ್ನು. ಅವಳು ಮದುವೆಯಾಗಿ ವಿದ್ಯಾನಗರ ಸೇರಿ ಇಪ್ಪತ್ತೆರಡು ವರ್ಷವಾಯಿತು. ಮಹಡಿ ಮನೆ, ಮೇಲೆ ಎರಡು ಕೋಣೆ, ಒಂದರಲ್ಲಿ ಯಾರೂ ಮಲಗದ ಮಂಚ. ಆ ಮನೆಯಲ್ಲಿ ನಾನು ಒಂದು ರಾತ್ರಿಯೂ ಮಲಗಿಲ್ಲ. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ಮದುವೆಯ ಹಿಂದಿನ ರಾತ್ರಿಯವರೆಗೂ ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿ, ದೀಪ ಆರಿಸಿದ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ಹಗಲು ಹೇಳಲಾಗದ್ದನ್ನೆಲ್ಲ ಅವಳು ಕತ್ತಲಲ್ಲೇ ನನ್ನ ಕಿವಿಗೆ ಹೇಳುತ್ತಿದ್ದಳು. ನನಗೆ ಅವಳ ಸೀರೆಯೂ ಬೇಡ, ಅವಲಕ್ಕಿಯೂ ಬೇಡ. ಒಂದು ಸಲ ಅವಳು ತಾನಾಗಿ "ಇವತ್ತು ಇರು ಅಕ್ಕಾ" ಅನ್ನಬೇಕು, ಅಷ್ಟೇ.

ಅವಳು ಅನ್ನುವುದಿಲ್ಲ. ಚಹಾ ಕೊಡುತ್ತಾಳೆ, ಕುಂಕುಮ ಹಚ್ಚುತ್ತಾಳೆ, ಆಮೇಲೆ ಗೋಡೆಯ ಗಡಿಯಾರ ನೋಡಿ ಲಾಸ್ಟ್ ಬಸ್ ತಪ್ಪಿದರೆ ನಿನಗೆ ಕಷ್ಟವಾಗುತ್ತದೆ ಎಂದು ಮರುಗುತ್ತಾಳೆ. ನಮ್ಮೂರಿನ ಬಸ್ಸಿನ ವೇಳೆ ನನಗಿಂತ ಅವಳಿಗೇ ಬಾಯಿಪಾಠ. ಅವಳ ಗಂಡ ಕಾರು ತೆಗೆದು ಬಸ್ ಸ್ಟ್ಯಾಂಡಿಗೆ ಬಿಡುತ್ತಾನೆ, ಸೀಟು ಹಿಡಿದುಕೊಡುತ್ತಾನೆ, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿರುತ್ತಾನೆ. ಎಂಥ ಒಳ್ಳೆಯ ಮನುಷ್ಯ ಎಂದು ಊರವರು ಹೊಗಳುತ್ತಾರೆ. ಗಡೀಪಾರಾದ ರೌಡಿಯನ್ನೂ ಪೊಲೀಸರು ಹಾಗೇ ಬಸ್ಸು ಹತ್ತಿಸಿ ನಿಂತಿರುತ್ತಾರೆ ಎಂದು ನನಗೊಬ್ಬಳಿಗೇ ಅನ್ನಿಸುವುದು.

ಕಳೆದ ವರ್ಷ ಯುಗಾದಿ ಕಳೆದ ಮೂರನೇ ದಿನ ಸಂತೆ ಪೇಟೆಗೆಂದು ಹೊರಟೆ. ಜೊತೆಗೆ ನಾದಿನಿ. ಈ ನಾದಿನಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗಂಡ ತೀರಿಕೊಂಡಾಗ ಆನಗೋಡಿನಿಂದ ಹದಿನೈದು ದಿನಕ್ಕೆಂದು ಅಣ್ಣನ ಮನೆಗೆ ಬಂದವಳು, ಹನ್ನೊಂದು ವರ್ಷವಾಯಿತು. ನಾನು ಅಂಗನವಾಡಿಯಲ್ಲಿ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬರುವಷ್ಟರಲ್ಲಿ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿರುತ್ತವೆ. ಸಾರಿಗೆ ಉಪ್ಪು ಹಾಕಿದ್ದೀಯೋ, ಸಮುದ್ರವನ್ನೇ ಸುರಿದಿದ್ದೀಯೋ ಎಂದು ನಾನು ಕೇಳುವುದು, ನಿನ್ನ ನಾಲಿಗೆಯ ಖಾರಕ್ಕೆ ಅಷ್ಟಾದರೂ ಬೇಕು ಎಂದು ಅವಳು ಅನ್ನುವುದು, ನಮ್ಮ ಮನೆಯಲ್ಲಿ ಇದೇ ಸುಪ್ರಭಾತ.

ಮಂಡಿಪೇಟೆಯಲ್ಲಿ ಬಿಸಿಲು ಇಳಿದಿರಲಿಲ್ಲ. ಯುಗಾದಿಗೆ ಮಾರದೆ ಉಳಿದ ಸೀರೆಗಳನ್ನು ರಾಶಿ ಹಾಕಿ ಕೂಗುತ್ತಿದ್ದರು. ನಾದಿನಿ ಒಂದು ಸೀರೆಗಾಗಿ ಹತ್ತು ಸೀರೆ ಬಿಚ್ಚಿಸಿ, ಏನನ್ನೂ ಕೊಳ್ಳದೆ ಎದ್ದಳು. ಅಂಗಡಿಯವನು ಬೈದಿದ್ದು ಅವಳನ್ನು, ಕೇಳಿಸಿಕೊಂಡಿದ್ದು ನಾನು. ಐದಕ್ಕೆ ತಂಗಿಯ ಮನೆಗೆ ಹೋದೆವು. ಅಂದು ಅವಳು ಎಂದಿಗಿಂತ ಅವಸರದಲ್ಲಿದ್ದಳು. ಆರೂವರೆಗೇ ಗಡಿಯಾರ ನೋಡಿದಳು, ಮುಕ್ಕಾಲಿಗೆ ಅವಳ ಗಂಡ ಕಾರಿನ ಕೀ ಹಿಡಿದು ನಿಂತ. ಏಳೂವರೆಗೆ ಕೊನೆಯ ಬಸ್ಸು ಹೊರಟಾಗ ಕಿಟಕಿಯ ಕೆಳಗಿನಿಂದ ಕೈ ಬೀಸಿದ.

ಊರಂಚಿನ ನಿಟುವಳ್ಳಿ ಬರುವಷ್ಟರಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕಂಡಕ್ಟರಿಗೆ ನಿಲ್ಲಿಸಪ್ಪ ಎಂದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಹತ್ತೋದೂ ಇಳಿಯೋದೂ ಇವರಿಗೆ ಆಟವಾಗಿದೆ ಎಂದು ಅವನು ಗೊಣಗಿದ. ಇಳಿದೆ. ನನ್ನ ಬ್ಯಾಗು ಹಿಡಿದಿದ್ದ ನಾದಿನಿ ವಿಧಿಯಿಲ್ಲದೆ ಹಿಂದೆಯೇ ಇಳಿದು, ತಲೆ ಕೆಟ್ಟೈತಾ ಎಂದು ಕೇಳಿದಳು. ಕೆಟ್ಟಿದೆ ಎಂದೆ. ನಮ್ಮೂರಿನ ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಗಂಡನಿಗೆ ಫೋನು ಹಚ್ಚಿ, ತಂಗಿ ಬಿಡಲೇ ಇಲ್ಲ, ಇವತ್ತು ಅವಳ ಮನೆಯಲ್ಲೇ ಉಳಿದೆವು ಎಂದು ಹೇಳಿಬಿಟ್ಟೆ. ಅವರು ಖುಷಿಪಟ್ಟರು. ಅಂತೂ ಕರೆದಳಲ್ಲ ಎಂದರು. ಇನ್ನು ನಾನು ಅವಳ ಮನೆಯಲ್ಲಿ ಮಲಗಲೇಬೇಕಿತ್ತು. ಒಂಬತ್ತೂವರೆ ಹತ್ತಕ್ಕೆ ಹೋಗಿ ಬಾಗಿಲು ಬಡಿಯುವುದು, ಬಸ್ಸು ತಪ್ಪಿತು ಅನ್ನುವುದು; ಆಗ ಗಡಿಯಾರ ನೋಡಿ ಏನು ಹೇಳುತ್ತಾಳೋ ನೋಡೋಣ, ಇದು ನನ್ನ ಯೋಚನೆ.

ಅಲ್ಲಿಯವರೆಗೆ ಊರು ನೋಡಿದೆವು. ನೋಡಿದ್ದಕ್ಕೆ ಹೊಟ್ಟೆ ಉರಿಯಿತು ಎಂದೇ ಹೇಳುತ್ತೇನೆ. ಹಗಲು ನಮ್ಮನ್ನು ಬೇಯಿಸಿ ಬೆವರಿಳಿಸಿದ ರಸ್ತೆಗಳಲ್ಲಿ ಈಗ ತಣ್ಣನೆಯ ಗಾಳಿ. ಹೊಂಗೆಯ ಎಳೆ ಎಲೆಗಳು ಬೀದಿ ದೀಪಕ್ಕೆ ಹೊಳೆಯುತ್ತಿದ್ದವು. ಎಲ್ಲೋ ಬೇವಿನ ಹೂವಿನ ವಾಸನೆ. ಈ ಊರಿನವರು ಇಂಥದ್ದನ್ನೆಲ್ಲ ತಮಗೆ ಇಟ್ಟುಕೊಂಡು ಬಿಸಿಲನ್ನು ನಮಗೆ ಬಿಟ್ಟಿದ್ದಾರೆ ಅನ್ನಿಸಿತು. ಮನೆಮಂದಿಯನ್ನೆಲ್ಲ ಕರೆತಂದು ಮಂಡಕ್ಕಿ ಅಂಗಡಿಯ ಬೆಂಚುಗಳ ಮೇಲೆ ಕೂತು ಮೆಣಸಿನಕಾಯಿ ಬಜ್ಜಿ ಕಡಿಯುತ್ತಿದ್ದರು, ಯಾರಿಗೂ ಏಳುವ ಅವಸರವಿಲ್ಲ. ನಾವು ಕೂತರೆ ಬೆನ್ನಿಗೆ ಗಡಿಯಾರ ಕಟ್ಟಿಕೊಂಡು ಕೂರುತ್ತೇವೆ.

ಬೆಣ್ಣೆ ದೋಸೆಯ ಹೋಟೆಲಿನಲ್ಲಿ ತಿನ್ನುವವರ ಕುರ್ಚಿಯ ಹಿಂದೆ ನಿಂತು ಸರದಿ ಕಾಯಬೇಕು. ಯಾರು ಕುರ್ಚಿಯ ಬೆನ್ನು ಹಿಡಿದು ನಿಂತರೋ ಮುಂದಿನ ಸೀಟು ಅವರದು. ಅದು ಊರಿಗೆಲ್ಲ ಗೊತ್ತಿರುವ ಕಾಯಿದೆ. ನಾನು ಹತ್ತು ನಿಮಿಷ ಹಿಡಿದು ನಿಂತ ಕುರ್ಚಿಗೆ ಪರ್ಫ್ಯೂಮ್ ಹಾಕಿಕೊಂಡ ಒಬ್ಬಾಕೆ ಸೆರಗು ಸರಿಮಾಡಿಕೊಳ್ಳುತ್ತ ಬಂದು ಕೂತಳು. ಏಳಿ ಅಂದೆ. ನೀವು ಬಸ್ಸಿಗೆ ಹೋಗೋರಲ್ವಾ, ಪಾರ್ಸೆಲ್ ತಗೊಳ್ರಿ, ಬೇಗ ಆಗುತ್ತೆ ಎಂದಳು. ನಮ್ಮ ಮುಖದ ಮೇಲೆ ಬಸ್ಸಿನ ಬೋರ್ಡು ಬರೆದಿತ್ತೋ ಏನೋ. ನಾದಿನಿ ಅದೇ ಕುರ್ಚಿಯ ಅಂಚಿನಲ್ಲಿ ಅವಳನ್ನು ಒತ್ತರಿಸಿಕೊಂಡು ಕೂತು, ನಮ್ಮ ಅತ್ತಿಗೆಗೆ ಬಸ್ಸಿಲ್ಲ, ನಿಮಗೆ ಮರ್ಯಾದಿಲ್ಲ, ಇಬ್ಬರೂ ಆರಾಮಾಗಿ ಕೂಡ್ರಿ ಎಂದಳು. ಆಕೆ ಎದ್ದು ಹೋದಳು. ಹನ್ನೊಂದು ವರ್ಷದಲ್ಲಿ ನಾದಿನಿಯ ಬಾಯಿ ನನಗೆ ಉಪಕಾರ ಮಾಡಿದ್ದು ಅದೊಂದೇ ಸಲ. ದೋಸೆ ಚೆನ್ನಾಗಿತ್ತು. ನಾನು ಚೆನ್ನಾಗಿಲ್ಲ ಎಂದೆ.

ಹೈಸ್ಕೂಲ್ ಮೈದಾನದಲ್ಲಿ ಯುಗಾದಿಯ ಸಂಗೀತ ಸಂಜೆ ನಡೆದಿತ್ತು. ಬಿಟ್ಟಿ, ಎಲ್ಲರಿಗೂ ಸ್ವಾಗತ ಎಂದು ಬ್ಯಾನರು. ಒಳಗೆ ಹೋದರೆ ಮುಂದೆ ಬಿಳಿ ಬಟ್ಟೆ ಹೊದಿಸಿದ ಸೋಫಾ, ಅದರ ಹಿಂದೆ ಪಾಸಿನವರ ಕುರ್ಚಿ, ಅದರ ಹಿಂದೆ ಕರ್ಚೀಫು ಹಾಕಿ ಹಿಡಿದ ಕುರ್ಚಿ; ಸ್ವಾಗತ ನೆಲದಿಂದ ಶುರುವಾಗುತ್ತಿತ್ತು. ಕೂತೆವು. ಸಂಗೀತ ಎಲ್ಲಿದೆ ಎಂದು ನೋಡಿದರೆ ವೇದಿಕೆಯ ಮೇಲೆ ಸನ್ಮಾನ ನಡೆದಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಹಾಡಬೇಕಾದ ಹುಡುಗಿ ಜರಿ ಲಂಗ ತೊಟ್ಟು ಡ್ರಮ್ಮಿನ ಪಕ್ಕ ನಿಂತು ನಿಂತು ಕಾಲು ಬದಲಿಸುತ್ತಿದ್ದಳು. ಹತ್ತು ಗಂಟೆಗೆ ಮೈಕು ನಿಲ್ಲಿಸಬೇಕು, ಸನ್ಮಾನ ಮುಗಿಯುವ ಹಾಗಿಲ್ಲ. ಹೂವಿನ ಹಾರ ಹಾಕಿಸಿಕೊಳ್ಳುವ ಕತ್ತುಗಳು ಈ ಊರಿನಲ್ಲಿ ಇಷ್ಟೊಂದಿವೆ ಎಂದು ನನಗೆ ಗೊತ್ತಿರಲಿಲ್ಲ. ನಾನು ನಗುತ್ತಿದ್ದೆ, ಒಂದು ಹೆಸರು ಕೂಗುವವರೆಗೆ.

ಅದು ನನ್ನ ತಂಗಿಯ ಗಂಡನ ಹೆಸರು. ಎರಡನೇ ಸಾಲಿನಿಂದ ಎದ್ದು, ಶರ್ಟಿನ ಕಾಲರ್ ಸರಿಮಾಡಿಕೊಂಡು ವೇದಿಕೆ ಹತ್ತಿದ. ಅವನು ಎದ್ದ ಜಾಗದ ಪಕ್ಕದಲ್ಲಿ ತಂಗಿ ಕೂತಿದ್ದಳು. ರೇಷ್ಮೆ ಸೀರೆ, ಮೊಳದುದ್ದ ಮಲ್ಲಿಗೆ. ಸಂಜೆ ನಮಗೆ ಚಹಾ ಕೊಡುವಾಗ ಈ ಸಂಗತಿಯ ಒಂದಕ್ಷರವನ್ನೂ ಬಾಯಿಬಿಟ್ಟಿರಲಿಲ್ಲ. ಇಷ್ಟು ಅವಸರ ಯಾಕೆಂದು ಈಗ ತಿಳಿಯಿತು.

ನಾನು ಎದ್ದೆ. ಬ್ಯಾಡ ಎಂದು ನಾದಿನಿ ಸೆರಗು ಜಗ್ಗಿದಳು, ಆಮೇಲೆ ಹಿಂದೆಯೇ ಬಂದಳು. ಪಾಸು ಕೇಳಿದ ಸ್ವಯಂಸೇವಕನನ್ನು ಒಂದು ನೋಟ ನೋಡಿದೆ, ಅವನು ಸರಿದ. ತಂಗಿ ನನ್ನನ್ನು ಕಂಡವಳೇ ಬಿಳುಚಿಕೊಂಡಳು. ಬಸ್ಸು ತಪ್ಪಿತಾ ಎಂದು ಕೇಳಿದಳು. ಅವಳ ಆಚೆ ಕೂತಿದ್ದವರು ಅವಳ ಅತ್ತೆ ಮತ್ತು ಗಂಡನ ಅಕ್ಕ, ಹರಿಹರದವರು. ಆ ಅಕ್ಕ ಒಳ್ಳೆಯ ಹೆಂಗಸು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಬಂದು ನಾಲ್ಕು ದಿನವಾಯಿತೆಂದೂ, ಸಂಜೆಯೆಲ್ಲ ಗುಡಿಯಲ್ಲಿದ್ದು ನೇರ ಇಲ್ಲಿಗೇ ಬಂದೆವೆಂದೂ, ಮೇಲಿನ ಕೋಣೆಯ ಮಂಚ ತಮಗೇ ಬಿಟ್ಟುಕೊಟ್ಟಿದ್ದಾರೆಂದೂ, ಹೊರಡುತ್ತೇವೆ ಅಂದರೆ ನಿಮ್ಮ ತಂಗಿ ಬಿಡುವುದೇ ಇಲ್ಲವೆಂದೂ ಹೇಳಿದಳು. ಹರಿಹರಕ್ಕೆ ರಾತ್ರಿಯೆಲ್ಲ ಬಸ್ಸಿದೆ. ಸಾಲದ್ದಕ್ಕೆ ರೈಲೂ ಇದೆ. ಹತ್ತಿದರೆ ಅರ್ಧ ಗಂಟೆಯಲ್ಲಿ ಮನೆ.

"ನೀವೂ ಬರ್ರಿ," ಎಂದಳು ಹರಿಹರದಾಕೆ, "ಹಾಲ್‌ನಾಗ ಹಾಸಿದ್ರೆ ಆತು. ಈ ಹೊತ್ತಿನಾಗ ಎಲ್ಲಿಗೆ ಹೋಗ್ತೀರಿ?"

ಶಾಲು ಹೊದ್ದು ವೇದಿಕೆಯಿಂದ ಇಳಿದು ಬರುತ್ತಿದ್ದ ಗಂಡನ ಮುಖವನ್ನು ತಂಗಿ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದಳು. "ಇರು ಅಕ್ಕಾ."

ಇಪ್ಪತ್ತೆರಡು ವರ್ಷ ಕಾದ ಮಾತು. ಕೇಳಿದ ಕೂಡಲೇ ಕಪಾಳಕ್ಕೆ ಹೊಡೆದಂತಾಯಿತು. ಬೇರೆಯವರು ಬಾಯಿಗೆ ತುರುಕಿದ್ದನ್ನು ಉಗುಳಿದ ಹಾಗೆ ಉಗುಳಿದಳು. "ಬ್ಯಾಡ, ನಮಗ ಬಸ್ ಐತೆ" ಎಂದೆ.

ಬಸ್ಸಿಲ್ಲವೆಂದು ಆ ಮೈದಾನದಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಸುಳ್ಳು ಅನ್ನಬಹುದಿತ್ತು, ಕೈ ಹಿಡಿದು ಎಳೆಯಬಹುದಿತ್ತು. ಹುಷಾರಾಗಿ ಹೋಗು ಅಂದಳು. ಅವಳ ಗಂಡ ಜೇಬಿನ ಕೀ ಮುಟ್ಟಿಕೊಂಡು, ಬಿಟ್ಟು ಬರಲಾ ಎಂದು ಕೇಳಿದ. ನಾನು ತಿರುಗಿ ನಡೆದೆ. ನಾವು ಗೇಟು ದಾಟುವಾಗ ಹಾಡು ಶುರುವಾಯಿತು. ಹುಡುಗಿಯ ಗಂಟಲು ಚೆನ್ನಾಗಿತ್ತು, ಪಲ್ಲವಿ ಮುಗಿಸುವಷ್ಟರಲ್ಲಿ ಮೈಕು ಬಂದ್ ಮಾಡಿದರು.

ಬಸ್ ಸ್ಟ್ಯಾಂಡಿನಲ್ಲಿ ಲೋಕಿಕೆರೆಯ ಫಲಕದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂತೆವು. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ ಎಂದು ಕೂಗುತ್ತಿದ್ದರು; ಹರಿಹರ ಹರಿಹರ ಎಂದು ಕೂಗುವವನನ್ನು ಕಂಡರೆ ಕಲ್ಲು ಎತ್ತಿಕೊಳ್ಳುವಷ್ಟು ಸಿಟ್ಟು. ನಾನು ತಂಗಿಯನ್ನು ಬೈದೆ. ಅವಳ ಮಂಚವನ್ನು, ಮಲ್ಲಿಗೆಯನ್ನು, ಅವಳ ಗಂಡನ ಶಾಲನ್ನು ಒಂದೊಂದಾಗಿ ಬೈದೆ. ಸ್ವಲ್ಪ ಕಣ್ಣೀರೂ ಹಾಕಿದೆ. ನಾದಿನಿ ಚೀಲ ತಲೆಗಿಟ್ಟುಕೊಂಡು ಕಾಲು ಮಡಚಿ ಮಲಗಿ ಎಲ್ಲವನ್ನೂ ಕೇಳಿದಳು.

"ಇರು ಅಂದ್ಲಲ್ಲ. ಯಾಕ ಬ್ಯಾಡ ಅಂದಿ?"

ಅದು ಬಾಯಿಮಾತು, ಮನಸ್ಸಿನಿಂದ ಬಂದಿದ್ದಲ್ಲ, ಅಂಥ ಮಾತಿಗೆ ನಾಯಿಯೂ ಉಳಿಯುವುದಿಲ್ಲ ಎಂದೆ.

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಿದ್ದೆ ಬಂತೇನೋ ಅಂದುಕೊಂಡೆ.

"ನೀನು ನನಗ ಬಾಯಿಮಾತಿಗೂ ಅಂದಿಲ್ಲ, ಅತ್ತಿಗೆ," ಎಂದಳು. "ಹದಿನೈದು ದಿನ ಆದ ಮೇಲೆ ದಿನಾ ಕಾದೆ. ಆಮೇಲೆ ಅನ್ನದಿದ್ರೂ ಇರೋದು ಕಲ್ತೆ."

ಹೇಳುವಾಗ ಅವಳಿಗೆ ಸಿಟ್ಟಿರಲಿಲ್ಲ. ಜಗಳಕ್ಕೆ ಬಂದಿದ್ದರೆ ನನ್ನ ಹತ್ತಿರ ಹತ್ತು ಉತ್ತರಗಳಿದ್ದವು. ಹನ್ನೊಂದು ವರ್ಷ ಅನ್ನ ಹಾಕಿಲ್ಲವೇ, ಹಬ್ಬಕ್ಕೆ ಸೀರೆ ಕೊಡಿಸಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ತಂಗಿಯೂ ನನಗೆ ಅವೆರಡನ್ನೂ ತಪ್ಪಿಸಿರಲಿಲ್ಲ. ಸುಮ್ಮನೆ ಮಲಗು ಎಂದು ಗದರಿದೆ. ಅವಳು ಮಲಗಿದಳು, ಗೊರಕೆಯನ್ನೂ ಹೊಡೆದಳು. ನಾನು ಮೊದಲ ಬಸ್ಸಿನವರೆಗೆ ಎದ್ದೇ ಇದ್ದೆ.

ಮನೆ ಮುಟ್ಟಿದಾಗ ಗಂಡ, ರಾತ್ರಿಯೆಲ್ಲ ಅಕ್ಕ ತಂಗಿ ಮಾತಾಡಿರಬೇಕು, ಕಣ್ಣು ಕೆಂಪಾಗಿವೆ ಎಂದರು. ನಾನು ಬಾಯಿ ಬಿಡುವ ಮೊದಲೇ ನಾದಿನಿ, ಹೌದಣ್ಣ, ನನಗೂ ಮಲಗೋಕೆ ಬಿಡಲಿಲ್ಲ ಎಂದು ಹೇಳಿ ಒಲೆ ಹಚ್ಚಲು ಹೋದಳು.

ಇದಾಗಿ ವರ್ಷವಾಯಿತು. ತಂಗಿಯ ಮನೆಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ನಾದಿನಿಗೆ ಆ ಮಾತನ್ನು ಇನ್ನೂ ಅಂದಿಲ್ಲ. ಎರಡು ಮೂರು ಸಲ ಊಟಕ್ಕೆ ಕೂತಾಗ ನಾಲಿಗೆಯ ತುದಿಗೆ ಬಂದಿತ್ತು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಬೈದು ಎದ್ದು ಕೈ ತೊಳೆದೆ.