ನೀರು ಬೆರೆಸದ ಆ್ಯಸಿಡ್

ಚಂದ್ರವ್ವ ಮುಂಬಯಿಯ ಜೋಗೇಶ್ವರಿಯ ಚಾಳಿನಲ್ಲಿ ನನ್ನ ನೆರೆಯವಳು. ಹೊಸ ಬಿಲ್ಡಿಂಗುಗಳ ಟೈಲ್ಸಿಗೆ ಅಂಟಿದ ಸಿಮೆಂಟನ್ನು ಆ್ಯಸಿಡ್ ಹಾಕಿ ತೆಗೆಯುವುದು ನಮ್ಮಿಬ್ಬರ ಕೆಲಸವಾಗಿತ್ತು. ಬಕೆಟ್ ನೀರಿಗೆ ಸ್ವಲ್ಪವೇ ಆ್ಯಸಿಡ್ ಬೆರೆಸುತ್ತಿದ್ದೆವು. ಸಿಮೆಂಟು ನಿಧಾನವಾಗಿ ನೊರೆಯೆದ್ದು ಬಿಡುತ್ತಿತ್ತು, ಕಾಯಬೇಕಾಗುತ್ತಿತ್ತು.

ಅವಳ ಮಗಳಿಗೆ ಸಯನ್ ಆಸ್ಪತ್ರೆಯಲ್ಲಿ ಹೆರಿಗೆನೋವು ಶುರುವಾಗಿದೆ ಎಂದು ಫೋನ್ ಬಂದಾಗ ಒಂದು ಬಾತ್‌ರೂಮ್ ಉಳಿದಿತ್ತು. ಅದು ಮುಗಿಯದೆ ಕೆಲಸ ಮಾಡಿಸುವ ಮುಕಾದಮ ಬಿಡುವವನಲ್ಲ.

"ನೀರ ಹಾಕಿದ್ರ ಸಂಜೀ ಆಗ್ತೈತಿ ಯಕ್ಕಾ. ಬರೇ ಆ್ಯಸಿಡ್ ಸುರೀತೀನಿ."

"ಹುಚ್ಚೀ, ಸಿಮೆಂಟ ಲಗೂನ ಹೋಗ್ತೈತಿ, ಹೊಗೀನೂ ಹಂಗ ಏಳ್ತೈತಿ. ನಿನ್ನ ಎದಿ ಏನ ಟೈಲ್ಸ್ ಐತೇನ?"

"ಸೆರಗ ಕಟ್ಕೋತೀನಿ ತಗೋ. ನಾ ಹೋಗೂದ್ರಾಗ ಕೂಸು ಹುಟ್ಟಬಾರ್ದು."

ಸುರಿದ ಕೂಡಲೇ ನೆಲ ಬುಸುಗುಟ್ಟಿತು. ಕಣ್ಣೆದುರೇ ಸಿಮೆಂಟು ಕರಗಿತು. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಕೆಮ್ಮುತ್ತಲೇ ತಿಕ್ಕಿ ಮುಗಿಸಿದಳು. ಇಬ್ಬರೂ ಲೋಕಲ್ ರೈಲು ಹಿಡಿದೆವು. ದಾರಿಯುದ್ದಕ್ಕೂ ಅವಳ ಉಸಿರು ಸೀಟಿ ಊದಿದಂತೆ ಕೇಳುತ್ತಿತ್ತು.

ಹೆರಿಗೆಗೆ ಮುಂಚೆಯೇ ತಲುಪಿದೆವು, ಆದರೆ ವಾರ್ಡಿನ ಬಾಗಿಲಲ್ಲೇ ಅವಳು ಕುಸಿದಳು. ಅವಳನ್ನೂ ಭರ್ತಿ ಮಾಡಿಕೊಂಡರು. ಕೂಸನ್ನು ಹತ್ತಿರ ಒಯ್ದಾಗ, ತನ್ನ ಮೈಯಲ್ಲಿ ಇನ್ನೂ ಆ್ಯಸಿಡ್ ವಾಸನೆ ಇದೆ ಎಂದು ಪಿಸುಗುಟ್ಟಿ, ದೂರ ಹಿಡಿ ಎಂದು ನನಗೆ ಕೈಸನ್ನೆ ಮಾಡಿದಳು. ದೂರವೇ ಹಿಡಿದೆ. ಮರುದಿನ ತೀರಿಕೊಂಡಳು.