ದುರ್ಬೀನಿಗೆ ಹಚ್ಚಿದ ವಿಭೂತಿ

ಜಳಕ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ದಿನಾಲೂ ಒಂದು ಚಿಟಿಕೆ ಉದುರಿ ನನ್ನ ಕನ್ನಡಕದ ಮೇಲೆ ಬೀಳುತ್ತದೆ. ಅದನ್ನು ತೆಗೆದಿಟ್ಟು ಹಚ್ಚಿಕೊಳ್ಳಬಾರದೆ ಎಂದು ಮನೆಯಾಕೆ ಬೈಯುತ್ತಾಳೆ. ತೆಗೆದರೆ ಕನ್ನಡಿಯಲ್ಲಿ ಹಣೆಯೇ ಕಾಣುವುದಿಲ್ಲ, ಏನು ಮಾಡಲಿ ಹೇಳಿ. ಧೋತರದ ಚುಂಗಿನಿಂದ ಗಾಜು ಒರೆಸಿಕೊಳ್ಳುವ ಆ ಗಳಿಗೆಯಲ್ಲಿ, ಎಷ್ಟೋ ವರ್ಷಗಳ ಹಿಂದೆ ಸವಣೂರಿನಾಚೆಯ ಒಂದು ಕನ್ನಡ ಸಾಲಿಯಲ್ಲಿ ಕೈಯಲ್ಲಿ ತಂಬಿಗೆ ಹಿಡಿದು ನಿಂತ ಹುಡುಗಿ ನೆನಪಾಗಿ ಜೀವ ಕಸಿವಿಸಿಗೊಳ್ಳುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸೂಟಿ ಸಿಕ್ಕಾಗಲೆಲ್ಲ ನಾನೂ ನನ್ನ ಖೋಲಿಯ ಗೆಳೆಯನೂ ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿ ಕಡೆಯ ಸಾಲಿಗಳಿಗೆ ಹೋಗಿ, ಮಕ್ಕಳ ಕೈಗೆ ಅಯಸ್ಕಾಂತ, ಭೂತಗನ್ನಡಿ, ತಂತಿಸುರುಳಿಗಳನ್ನು ಕೊಟ್ಟು, "ನೀವ ಮಾಡಿ ನೋಡ್ರಿ" ಎನ್ನುತ್ತಿದ್ದೆವು. ಪ್ರೊಫೆಸರರನ್ನು ಕಾಡಿಬೇಡಿ ತಂದ ಒಂದು ಸೂಕ್ಷ್ಮದರ್ಶಕವೂ ನಮ್ಮಲ್ಲಿತ್ತು. ಊರವರ ಬಾಯಲ್ಲಿ ಅದು ದುರ್ಬೀನು. ಬಸ್ಸಿನ ಧೂಳಿನಲ್ಲಿ, ಎಳೆಗೂಸನ್ನು ಹಿಡಿದಂತೆ ಅದನ್ನು ತೊಡೆಯ ಮೇಲೆ ಹಿಡಿದು ಕೂತ ನನಗೆ, ವಿಜ್ಞಾನವನ್ನೆಲ್ಲ ನಾನೇ ಹೊತ್ತು ತರುತ್ತಿದ್ದೇನೆಂಬ ಬಿಂಕವೇನೂ ಕಡಿಮೆ ಇರಲಿಲ್ಲ.

ಸವಣೂರಿನಾಚೆಯ ಆ ಸಾಲಿಗೆ ನಾವು ಮುಟ್ಟಿದಾಗ ಹೊತ್ತು ಇಳಿದಿತ್ತು. ಕೆರೆಯ ಒಂದು ಹನಿ ನೀರಿನಲ್ಲಿ ಕಣ್ಣಿಗೆ ಕಾಣದ ಎಷ್ಟೋ ಜೀವಿಗಳು ಈಜಾಡುತ್ತವೆ ಎಂದು ನಾನು ಹೇಳುತ್ತಿದ್ದಂತೆ ಆರನೆಯ ಇಯತ್ತೆಯ ಈರವ್ವ ಎದ್ದು ನಿಂತಳು.

"ಹಂಗಾರ ನಾವು ದಿನಾ ಜೀವ ಕುಡಿಯಾಕತ್ತೇವೇನ್ರಿ?"

ಸಾಲಿಯೆಲ್ಲ ನಕ್ಕಿತು. ಮನೆಯಲ್ಲಿ ತತ್ತಿಯನ್ನೂ ಮುಟ್ಟದ ಹುಡುಗಿಗೆ ಅದು ನಗುವ ಮಾತಾಗಿರಲಿಲ್ಲ. "ಈಗ ಬೆಳಕು ಸಾಲೂದಿಲ್ಲ. ನಾಳೆ ಮುಂಜಾನೆ ಕೆರಿ ನೀರು ತಗೊಂಡ್ ಬಾ. ಎಲ್ಲಾರಕಿಂತ ಮೊದಲ ನೀನ ನೋಡು" ಎಂದು ಮಾತು ಕೊಟ್ಟು, ದುರ್ಬೀನನ್ನು ಹೆಡ್ಮಾಸ್ತರರ ಮೇಜಿನ ಮೇಲಿಟ್ಟು ಟವೆಲ್ಲು ಹೊದಿಸಿದೆ.

ಮರುದಿನ ಟವೆಲ್ಲು ಸರಿಸಿದರೆ, ಕೊಳವೆಯ ಮೇಲೆ ಮೂರು ಬೆರಳಿನ ಹಸಿ ವಿಭೂತಿ. ಮೇಲಿನ ಗಾಜಿಗೂ ವಿಭೂತಿ, ಬೆರಳು ತೂರಿಸಿ ಕೆಳಗಿನ ಗಾಜಿಗೂ ವಿಭೂತಿ. ಕಣ್ಣಿಟ್ಟರೆ ಬರೀ ಬೆಳ್ಳಗೆ.

"ಯಾರು ಹಚ್ಚಿದ್ದು ಇದನ್ನ?"

"ನಾನರೀ," ಎಂದಳು ಈರವ್ವ. ತುಂಬಿದ ತಂಬಿಗೆ ಅವಳ ಕೈಯಲ್ಲಿತ್ತು. "ಜೀವ ತೋರಸತೈತಿ ಅಂದ್ರಲ್ಲರೀ... ಪೂಜಿ ಮಾಡದ ಹೆಂಗ ಕಣ್ಣಿಡೂದಂತ..."

"ತಲಿ ಐತೇನ ನಿನಗ? ಗಾಜು ಕೆಡಿಸಿ ಇಟ್ಟಿ!" ಎಂದು ಒದರಿಬಿಟ್ಟೆ. "ಇರ್ಲಿ ಬಿಡ್ರಿ, ಹುಡುಗಿ ತಿಳೀದ ಮಾಡ್ಯಾಳ. ಒರಸಿ ತೋರಸ್ರಿ" ಎಂದು ಹೆಡ್ಮಾಸ್ತರರು ಅಂಗಲಾಚಿದರು. ಗೀರು ಬಿದ್ದೀತೆಂಬ ಭಯ, ಪ್ರೊಫೆಸರರ ಮೋರೆಯ ನೆನಪು, ಎಲ್ಲಕ್ಕಿಂತ ಹೆಚ್ಚಾಗಿ ಹಾಳು ಸಿಟ್ಟು. ಗೆಳೆಯ ತಡೆದರೂ ಕೇಳದೆ ಗಂಟುಮೂಟೆ ಕಟ್ಟಿದೆ. ಈರವ್ವ ಅಳಲಿಲ್ಲ. ನೀರು ತುಳುಕದಂತೆ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡು ನಿಂತೇ ಇದ್ದಳು.

ಧಾರವಾಡದ ಪ್ರಯೋಗಶಾಲೆಯ ಜವಾನ ಮೆತ್ತನೆಯ ಅರಿವೆಗೆ ಎರಡು ಹನಿ ಸ್ಪಿರಿಟ್ಟು ಹಾಕಿ, ಉಫ್ ಎಂದು ಊದಿ, ಒರೆಸಿಕೊಟ್ಟ. ಗಾಜು ಮೊದಲಿನಂತೆ ಫಳಫಳ.

"ಇಷ್ಟಕ್ಕ ಹೊಳ್ಳಿ ಬಂದ್ರೇನ್ರಿ?" ಎಂದು ಕೇಳಿದ.

ನೀವೇ ನೋಡಿ, ಊರೂರು ತಿರುಗಿ 'ಕೈಯಿಂದ ಮುಟ್ಟಿ ಕಲಿಯಿರಿ' ಎಂದು ಸಾರಿದ ಭೂಪ ನಾನು. ಒಬ್ಬ ಹುಡುಗಿ ತನಗೆ ತಿಳಿದ ಅತ್ಯಂತ ಪವಿತ್ರವಾದ ರೀತಿಯಲ್ಲಿ ಮುಟ್ಟಿದಾಗ ನನಗೆ ತಡೆದುಕೊಳ್ಳಲಾಗಲಿಲ್ಲ. ಆಮೇಲೆ ಜೀವಮಾನವೆಲ್ಲ ಮಾಸ್ತರಿಕೆ ಮಾಡಿ ಸಾವಿರಾರು ಮಕ್ಕಳಿಗೆ ಕೆರೆಯ ನೀರು ತೋರಿಸಿದ್ದೇನೆ. ಆ ಒಂದು ಮುಂಜಾನೆ ಹೊಳ್ಳಿ ಸಿಕ್ಕೀತೇ ಎಂಬ ಹಂಬಲ ಮಾತ್ರ ಇನ್ನೂ ಆರಿಲ್ಲ.

ಆ ವರ್ಷವೇ ಪರೀಕ್ಷೆ ಮುಗಿಸಿ, ಮಳೆಗಾಲದ ಹೊತ್ತಿಗೆ ದುರ್ಬೀನು ಹಿಡಿದು ಮತ್ತೆ ಆ ಸಾಲಿಗೆ ಹೋದೆ. ಈ ಸಲ ಕೆರೆಯ ನೀರನ್ನು ನಾನೇ ತುಂಬಿಕೊಂಡು ಒಯ್ದಿದ್ದೆ. ಈರವ್ವನ ಜಾಗ ಖಾಲಿ ಇತ್ತು. ಮೂರನೆಯ ಇಯತ್ತೆಯ ಸಾಲಿನಿಂದ ಒಂದು ಪುಟ್ಟ ಹುಡುಗಿ ಎದ್ದು ಬಂದು ತಾನು ಅವಳ ತಂಗಿ ಎಂದಳು.

"ಅಕ್ಕನ ಲಗ್ನ ಆತ್ರಿ. ರಟ್ಟೀಹಳ್ಳಿ ಕಡೆ ಕೊಟ್ಟಾರ. ಗಂಡನ ಮನಿಗೆ ಹೋಗೂ ದಿನಾನೂ ಕೇಳಿದ್ಲರಿ, ದುರ್ಬೀನಿನವ್ರು ಬಂದಾರೇನು ಅಂತ."

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹಾಕಿ, ಬೆಳಕು ಹೊಂದಿಸಿ, ಎಲ್ಲರಿಗಿಂತ ಮೊದಲು ಅವಳನ್ನೇ ಕರೆದೆ. ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಹಿಂದಿನ ಸಾಲು ನೂಕಾಡತೊಡಗಿತು.

"ಸಾಕವ್ವಾ, ಉಳದವ್ರು ಕಾಯಾಕತ್ತಾರ" ಎಂದೆ.

"ನನ್ನ ಪಾಳಿ ಆಗಲೇ ಮುಗೀತರೀ," ಎಂದಳು, ಕಣ್ಣು ಎತ್ತದೆಯೇ. "ಈಗ ಅಕ್ಕಂದು ನೋಡಾಕತ್ತೇನಿ."